ಯಾರೂ ಮಲಗದ ಹಾಸಿಗೆ

ಕಂತು ಏಳು

"ಕೂತ್ಕೋಪ್ಪಾ. ನಾನೇನು ನಿಮ್ಮ ಆಫೀಸರ್ ಅಲ್ಲ," ಎಂದು ಹೇಮಾಕ್ಷಿ ಮೂರನೆಯ ಸಲ ಹೇಳಿದಳು.

ಸಾಯಿತೇಜ ಕೂರಲಿಲ್ಲ. ಅವನ ಬಲಗಾಲಿಗೆ ಮೊಣಕಾಲಿನ ತನಕ ಪ್ಲಾಸ್ಟರ್ ಹಾಕಿತ್ತು. ಮೈಭಾರವನ್ನೆಲ್ಲ ಎಡಗಾಲಿಗೆ ಬಿಟ್ಟು, ಬೆನ್ನು ಗೋಡೆಗೆ ತಾಗದಂತೆ, ಎರಡೂ ಮುಷ್ಟಿಗಳನ್ನು ತೊಡೆಗೆ ಅಂಟಿಸಿಕೊಂಡು ನಿಂತಿದ್ದ. ಹತ್ತೊಂಬತ್ತರ ಹುಡುಗ. ನೋಟ ಅವಳ ತಲೆಯ ಮೇಲಿಂದ ಹಾದು ಗೋಡೆಯ ಕ್ಯಾಲೆಂಡರಿನಲ್ಲಿ ನೆಟ್ಟಿತ್ತು.

"ಹಂಗೇನಂಡೀ ಇವನು," ಎಂದಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವನ ತಾಯಿ ದುರ್ಗಾಂಬ. "ಹಾಲಿನವನು ಬಂದರೂ ಎದ್ದು ನಿಲ್ತಾನೆ. ಮೊನ್ನೆ ಅವನೇ ಹೆದರಿಕೊಂಡು ಅರ್ಧ ಲೀಟರ್ ಜಾಸ್ತಿ ಹಾಕಿ ಹೋದ."

ಯಾರೂ ನಗಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತಿದ್ದ ವಿಜಯಲಕ್ಷ್ಮೀಗೆ ಆ ಮಾತು ಕಿವಿಗೆ ಬಿದ್ದಂತೆಯೂ ಕಾಣಲಿಲ್ಲ. ಅವಳ ಒಬ್ಬನೇ ಮಗ ಉದಯ್ ವಿಶಾಖಪಟ್ಟಣದ ಆಚೆಯ ಸೇನಾ ತರಬೇತಿ ಕೇಂದ್ರದಿಂದ ಕಾಣೆಯಾಗಿ ಆ ಶನಿವಾರಕ್ಕೆ ಇಪ್ಪತ್ತೆಂಟು ದಿನ. ಶುಕ್ರವಾರ ರಾತ್ರಿ ಗೋಡೆ ಹಾರಿ ಓಡಿಹೋದ ಎಂದು ಕೇಂದ್ರದ ಕಾಗದ ಹೇಳುತ್ತಿತ್ತು. ಓಡಿಹೋಗುವ ಹುಡುಗನಲ್ಲ ಎಂದು ತಾಯಿ ಹೇಳುತ್ತಿದ್ದಳು.

ಹಾಸನದಿಂದ ವರ್ಗವಾಗಿ ಬಂದು ಕೃಷ್ಣಾ ನದಿಯ ದಡದ ಈ ಊರಿನ ಬೆಂಜ್ ಸರ್ಕಲ್ಲಿನ ಬ್ಯಾಂಕೊಂದರಲ್ಲಿ ಆಫೀಸರಾಗಿದ್ದವಳು ವಿಜಯಲಕ್ಷ್ಮೀ. ರಜೆ ಹಾಕಿ ಹನ್ನೆರಡು ದಿನವಾಗಿದ್ದರೂ ಕೊರಳಲ್ಲಿ ಬ್ಯಾಂಕಿನ ಗುರುತಿನ ಚೀಟಿ ನೇತಾಡುತ್ತಿತ್ತು. ಬೆಳಿಗ್ಗೆ ಎದ್ದು ಅದನ್ನು ಹಾಕಿಕೊಳ್ಳುವ ಕೈಗೆ ಇನ್ನೂ ವಿಷಯ ತಿಳಿದಿರಲಿಲ್ಲ.

ಉಳಿದದ್ದು ಎರಡು ದಿನ. ಸೋಮವಾರ, ಮೂವತ್ತನೆಯ ದಿನ, ಕೇಂದ್ರದಲ್ಲಿ ವಿಚಾರಣೆ ಕೂರುತ್ತದೆ. ಅಂದು ಸಂಜೆಯೊಳಗೆ ಉದಯ್ ಹೆಸರಿನ ಮುಂದೆ 'ಭಗೋಡಾ', ಅಂದರೆ ಓಡಿಹೋದ ಸಿಪಾಯಿ, ಎಂದು ಬರೆದುಬಿಡುತ್ತಾರೆ. ಆಮೇಲೆ ಪೊಲೀಸರು ಬರುವುದು ಅವನನ್ನು ಹಿಡಿಯಲಿಕ್ಕೆ. ಹುಡುಕಲಿಕ್ಕೆ ಯಾರೂ ಬರುವುದಿಲ್ಲ.

ಹೇಮಾಕ್ಷಿ ಹುಡುಗನ ಕಡೆ ತಿರುಗಿದಳು. "ಮತ್ತೊಂದು ಸಲ ಹೇಳಪ್ಪಾ. ಆ ಶುಕ್ರವಾರ ಏನಾಯ್ತು?"

"ಶುಕ್ರವಾರ ರಾತ್ರಿ ಹಾಜರಿಯಲ್ಲಿ ಇದ್ದ. ದೀಪ ಆರಿದ ಮೇಲೆ ನೋಡಿದವರಿಲ್ಲ. ಶನಿವಾರ ಬೆಳಿಗ್ಗೆ ಅವನ ಹಾಸಿಗೆ ಮುಟ್ಟದ ಹಾಗೇ ಇತ್ತು."

"ಆಮೇಲೆ?"

"ಅಷ್ಟೇ ಮೇಡಂ."

ಅಷ್ಟೇ. ಹವಾಲ್ದಾರ್ ಕೆಂಪಣ್ಣನ ಹೇಳಿಕೆಯಲ್ಲಿದ್ದ ಮೂರು ವಾಕ್ಯಗಳು, ಅದೇ ಸಾಲಿನಲ್ಲಿ. ಕೆಂಪಣ್ಣ ಉದಯ್, ಸಾಯಿತೇಜ ಇದ್ದ ಬ್ಯಾರಕ್ಕಿನ ನಲವತ್ತು ಹುಡುಗರ ತರಬೇತುದಾರ. ಹುಡುಗರು ಅವನನ್ನು ಉಸ್ತಾದ್ ಎನ್ನುತ್ತಿದ್ದರು. ಹೇಳಿಕೆಯ ಪ್ರತಿ ಹೇಮಾಕ್ಷಿಯ ಚೀಲದಲ್ಲಿತ್ತು. ಓದಿ ಓದಿ ಮಡಿಕೆಯ ಜಾಗದಲ್ಲಿ ಕಾಗದ ಹರಿಯುತ್ತಿತ್ತು.

ಅವಳಿಗೆ ತನ್ನ ಮೇಲೆ ಭರವಸೆ ಕಡಿಮೆಯಾಗುತ್ತಿತ್ತು. ಬಳ್ಳಾರಿಯಿಂದ ತೆಲುಗು ಮನೆಗೆ ಸೊಸೆಯಾಗಿ ಬಂದು, ವಿಶಾಖಪಟ್ಟಣದ ಗಾಜುವಾಕದಲ್ಲಿ ಮೊಬೈಲ್ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಪತ್ತೇದಾರಿಕೆ ನಡೆಸುತ್ತಿದ್ದವಳು. ಮದುವೆಯ ಗಂಡು ಕುಡಿಯುತ್ತಾನೋ, ಇನ್ನೊಂದು ಸಂಸಾರ ಇದೆಯೋ, ಇಷ್ಟೇ ಅವಳ ಕಸುಬು. ಬ್ಯಾರಕ್ಕಿನ ಒಳಗನ್ನು ಅವಳು ಕಂಡದ್ದು ಒಂದೇ ಸಲ, ಹತ್ತು ನಿಮಿಷ, ಅದೂ ಕೆಂಪಣ್ಣ ಪಕ್ಕದಲ್ಲೇ ನಿಂತಿದ್ದಾಗ. ಈ ಕೇಸನ್ನು ಬೇರೆ ಯಾರಾದರೂ ತಿಳಿದವರಿಗೆ ಒಪ್ಪಿಸಬೇಕಿತ್ತು ಎಂದು ದಿನಕ್ಕೊಮ್ಮೆ ಅನ್ನಿಸುತ್ತಿತ್ತು. ಒಪ್ಪಿಸಲು ಯಾರೂ ಇರಲಿಲ್ಲ.

"ಕೈ ತೊಳೀಬೇಕಿತ್ತಮ್ಮಾ," ಎಂದು ಎದ್ದಳು. ನಿಜಕ್ಕೂ ಅವಳಿಗೆ ಬೇಕಿದ್ದದ್ದು ಯೋಚಿಸಲು ಒಂದು ನಿಮಿಷ.

ಹಿತ್ತಲಿಗೆ ಹೋಗುವ ದಾರಿ ನಡುಕೋಣೆಯ ಮೂಲಕ ಹಾದುಹೋಗುತ್ತಿತ್ತು. ಭವಾನಿಪುರದ ಆ ಮನೆ ಚಿಕ್ಕದು. ಕಿಟಕಿಯಿಂದ ಕೃಷ್ಣಾ ನದಿಯ ಕಡೆಯ ಬಿಸಿಗಾಳಿ ಬರುತ್ತಿತ್ತು. ಕೋಣೆಯಲ್ಲಿ ಒಂದು ಕಬ್ಬಿಣದ ಮಂಚ, ಅದರ ಪಕ್ಕಕ್ಕೆ ನೆಲದ ಮೇಲೆ ಒಂದು ಚಾಪೆ.

ಹೇಮಾಕ್ಷಿ ನಿಂತುಬಿಟ್ಟಳು.

ಮಂಚದ ಮೇಲಿನ ಹಾಸಿಗೆ ಮನೆಯ ಹಾಸಿಗೆಯಂತೆ ಇರಲಿಲ್ಲ. ಬಿಳಿ ಚಾದರವನ್ನು ಒಂದೇ ಒಂದು ಸುಕ್ಕಿಲ್ಲದಂತೆ ಎಳೆದು ಕಟ್ಟಿತ್ತು. ಹೊದಿಕೆಯನ್ನು ಇಟ್ಟಿಗೆಯಂತೆ ನಾಲ್ಕು ಮೂಲೆ ಕೂಡಿಸಿ ಮಡಿಸಿ ತಲೆಯ ಕಡೆ ಇಟ್ಟಿತ್ತು. ಅಂಚುಗಳು ಚಾಕುವಿನಿಂದ ಕತ್ತರಿಸಿದಷ್ಟು ಚೂಪು. ಕೆಳಗಿನ ಚಾಪೆ ಮಾತ್ರ ಮುದುಡಿ, ತಲೆ ಇಟ್ಟ ಕಡೆ ಬೆವರಿನ ಗುರುತು ಇತ್ತು.

"ದುರ್ಗಾಂಬ ಅವರೇ, ಇಲ್ಲಿ ಯಾರು ಮಲಗೋದು?"

"ನಮ್ಮ ಸಾಯೀನೇ. ಕಾಲು ನೆಲಕ್ಕೆ ಮಡಚಬೇಡ ಅಂತ ಡಾಕ್ಟರುಗಾರು ಅಷ್ಟು ಹೇಳಿದಾರೆ. ವಾರವೆಲ್ಲ ಮಂಚದ ಮೇಲೇ ಮಲಗ್ತಾನೆ. ಶುಕ್ರವಾರ ಬಂತೋ, ಸಾಯಂಕಾಲದಿಂದ ಎರಡು ಗಂಟೆ ಕೂತು ಆ ಹಾಸಿಗೆ ತಿದ್ದೋದು, ಆಮೇಲೆ ಕುಂಟಿಕೊಂಡು ಕೆಳಗೆ ಬಿದ್ದುಕೊಳ್ಳೋದು. ಅವರ ನಾನ್ನಗಾರು, ಅವರಪ್ಪ, ಬೈದು ಬೈದು ಸಾಕಾಗಿ ರೈಲ್ವೆ ಡ್ಯೂಟಿಗೆ ಹೋದರು. ಊಟ ನೋಡಬೇಕು ನೀವು, ನಾಲ್ಕು ನಿಮಿಷ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಕತ್ತಲಲ್ಲೇ ಗಡ್ಡ ಹೆರೆದುಕೊಳ್ತಾನೆ, ಗಡ್ಡವೇ ಇಲ್ಲ ಮುಖದಲ್ಲಿ."

ಹೇಮಾಕ್ಷಿ ಉಳಿದದ್ದನ್ನು ಕೇಳಿಸಿಕೊಳ್ಳಲಿಲ್ಲ. ಚೀಲದಿಂದ ಫೋಟೋ ತೆಗೆದಳು. ಕೇಂದ್ರದವರು ಹೇಳಿಕೆಯ ಜೊತೆಗೆ ಕೊಟ್ಟಿದ್ದ ಸಾಕ್ಷಿ ಅದು: ಶನಿವಾರ ಬೆಳಿಗ್ಗೆ ಉದಯನ ಮಂಚ. ಸುಕ್ಕಿಲ್ಲದ ಚಾದರ, ಇಟ್ಟಿಗೆಯಂಥ ಹೊದಿಕೆ. ರಾತ್ರಿ ಯಾರೂ ಮಲಗಿಲ್ಲ ಎನ್ನುವುದಕ್ಕೆ ಬೇರೆ ಪುರಾವೆಯೇ ಬೇಡ ಎನ್ನುವ ಫೋಟೋ.

ಅದನ್ನು ಅವಳು ಎಷ್ಟು ಸಲ ನೋಡಿದ್ದಳೋ. ಪ್ರತಿ ಸಲವೂ ನಡುವಿನ ಮಂಚವನ್ನೇ.

ಈಗ ಅಂಚುಗಳನ್ನು ನೋಡಿದಳು. ಎಡಕ್ಕೆ ಪಕ್ಕದ ಮಂಚದ ಮೂಲೆ ಅರ್ಧ ಕಾಣುತ್ತಿತ್ತು. ಬಲಕ್ಕೆ ಇನ್ನೊಂದರ ಕಾಲುಭಾಗ. ಎರಡರಲ್ಲೂ ಅದೇ ಎಳೆದು ಕಟ್ಟಿದ ಚಾದರ, ಅದೇ ಇಟ್ಟಿಗೆ. ಆ ಮಂಚಗಳ ಹುಡುಗರು ಓಡಿಹೋಗಿರಲಿಲ್ಲ.

ಇಪ್ಪತ್ತೆಂಟು ದಿನ. ಫೋಟೋದ ಅಂಚು ನೋಡಲು ಇಪ್ಪತ್ತೆಂಟು ದಿನ ಬೇಕಾಯಿತು.

ಕೈ ತೊಳೆಯದೆಯೇ ಹೊರಗೆ ಬಂದಳು.

"ಸಾಯಿತೇಜ, ಶನಿವಾರ ಬೆಳಿಗ್ಗೆ ನಿಮಗೆ ಏನಿರ್ತದೆ?"

ಹುಡುಗನ ನೋಟ ಕ್ಯಾಲೆಂಡರಿನಿಂದ ಮೊದಲ ಬಾರಿಗೆ ಕೆಳಗಿಳಿಯಿತು.

"ಇನ್‌ಸ್ಪೆಕ್ಷನ್ ಮೇಡಂ. ದೊಡ್ಡ ಸಾಹೇಬರು ಹಾಸಿಗೆ ನೋಡೋಕೆ ಬರ್ತಾರೆ."

"ಒಂದು ಸುಕ್ಕು ಇದ್ದರೆ?"

"ಹಾಸಿಗೆ ಹೊತ್ತುಕೊಂಡು ಮೈದಾನ ಸುತ್ತಬೇಕು. ನಾನು ಮಾತ್ರ ಅಲ್ಲ, ನನ್ನ ಜೋಡಿ ಕೂಡ. ಇಬ್ಬರನ್ನು ಜೋಡಿ ಮಾಡಿರ್ತಾರೆ. ಒಬ್ಬನ ತಪ್ಪಿಗೆ ಇಬ್ಬರಿಗೂ ಶಿಕ್ಷೆ."

"ನಿನ್ನ ಜೋಡಿ ಯಾರು?"

"ಉದಯ್."

"ಹಂಗಾದ್ರ ಶುಕ್ರವಾರ ರಾತ್ರಿ ಬ್ಯಾರಕ್ಕಿನಾಗ ಎಷ್ಟು ಜನ ಹಾಸಿಗೆ ಮೇಲೆ ಮಲಗ್ತಾರಪ್ಪಾ?"

ಅವನ ಕಣ್ಣು ನಡುಕೋಣೆಯ ಬಾಗಿಲಿನ ಕಡೆ ಹೋಯಿತು.

"ನಲವತ್ತು ಮಂಚ. ಎಷ್ಟು ಜನ?"

"ಯಾರೂ ಇಲ್ಲ ಮೇಡಂ. ಎಲ್ಲರೂ ನೆಲದ ಮೇಲೇ."

ವಿಜಯಲಕ್ಷ್ಮೀ ಎದ್ದು ನಿಂತಿದ್ದಳು. ಏನು ನಡೆಯುತ್ತಿದೆ ಎಂದು ಅವಳಿಗೆ ಪೂರ್ತಿ ತಿಳಿಯದಿದ್ದರೂ ಏನೋ ಒಂದು ಕದಲಿತೆಂದು ತಿಳಿದಿತ್ತು.

"ಅಂದ್ರೆ ಹಾಸಿಗೆ ಮುಟ್ಟಿಲ್ಲ ಅನ್ನೋದು ಸುಳ್ಳಲ್ಲ," ಎಂದಳು ಹೇಮಾಕ್ಷಿ, ಅವಳ ಕಡೆ ತಿರುಗಿ. "ಆದ್ರ ಅದಕ್ಕೆ ಅರ್ಥವೇ ಇಲ್ರೀ. ಆ ರಾತ್ರಿ ಯಾರ ಹಾಸಿಗೇನೂ ಮುಟ್ಟಿರಲಿಲ್ಲ. ವಿಚಾರಣೆಯ ಕಾಗದ ಓದೋರಿಗೆ ಇದು ಗೊತ್ತಿರಲಿಕ್ಕಿಲ್ಲ. ಬರೆದ ಕೆಂಪಣ್ಣಗ ಗೊತ್ತಿತ್ತು." ಮತ್ತೆ ಹುಡುಗನ ಕಡೆಗೆ: "ಉದಯ್ ಎಲ್ಲಿ ಮಲಗಿದ್ದ?"

"ನನ್ನ ಪಕ್ಕ."

"ಬೆಳಿಗ್ಗೆ?"

"ಸಾಯೀ," ದುರ್ಗಾಂಬ ತಡೆದಳು. ತೆಲುಗಿನಲ್ಲಿ ಏನೋ ವೇಗವಾಗಿ ಹೇಳಿ, ಹೇಮಾಕ್ಷಿಯ ಎದುರಿಗೆ ಬಂದು ಕನ್ನಡಕ್ಕೆ ಹೊರಳಿದಳು. ಅದು ಗಂಡನಿಂದ ಕಲಿತ ರಾಯಚೂರಿನ ಕನ್ನಡ, ಅರ್ಧ ಮರೆತದ್ದು. "ಮೇಡಂಗಾರು, ಕಾಫಿ ಕುಡಿದಿರಿ, ಚಾಲು, ಸಾಕು. ನನ್ನ ಮಗನಿಗೆ ಇನ್ನು ಏನೂ ಕೇಳಬೇಡಿ. ನಮ್ಮ ಎರಡೂ ಕಡೆ ಮನೆತನದಲ್ಲಿ ಮೊದಲನೇ ಸರ್ಕಾರಿ ಉದ್ಯೋಗ ಇದು. ಮೂರು ಸಲ ಓಟದಲ್ಲಿ ಫೇಲಾಗಿ ನಾಲ್ಕನೇ ಸಲ ಸಿಕ್ಕಿದ್ದು."

"ನನಗೆ ಅರ್ಥ ಆಗ್ತದಮ್ಮಾ..."

"ಆಗಲ್ಲ. ಅವನು ಸೋಮವಾರ ಅದೇ ಬ್ಯಾರಕ್ಕಿಗೆ ವಾಪಸ್ ಹೋಗಬೇಕು. ನೀವು ಹೋಗಲ್ಲ."

ಅವಳು ಹೇಳಿದ್ದು ನ್ಯಾಯವೇ ಎಂದು ಹೇಮಾಕ್ಷಿಗೆ ಅನ್ನಿಸಿತು. ಮಾತಾಡಿದ್ದು ವಿಜಯಲಕ್ಷ್ಮೀ. ಅವಳ ದನಿ ಬ್ಯಾಂಕಿನ ಕೌಂಟರಿನಲ್ಲಿ ಮಾತಾಡಿದಂತೆ ಸಮನಾಗಿತ್ತು.

"ದುರ್ಗಾಂಬ ಅವ್ರೇ, ಉದಯ್ ಭಾನುವಾರ ಫೋನ್ ಮಾಡ್ದಾಗ ನಿಮ್ಮ ಸಾಯಿ ಕಾಲಿನ ವಿಷ್ಯ ಹೇಳ್ತಿದ್ದ. ಮೂಳೆ ನೋವು, ಮುಚ್ಚಿಡ್ತಿದಾನೆ ಅಮ್ಮ, ಏನ್ ಹಚ್ಚಬೇಕು ಅಂತ ಕೇಳ್ದ. ನಾನು ಬಿಸಿ ಉಪ್ಪಿನ ಶಾಖ ಕೊಡು ಅಂದೆ. ಅಲ್ಲಿ ಉಪ್ಪೆಲ್ಲಿ ಸಿಗುತ್ತಮ್ಮ ಅಂತ ನಕ್ಕ. ಅದೇ ಕೊನೆ ಮಾತು ನನ್ ಹತ್ರ ಆಡಿದ್ದು. ನಿಮ್ಮ ಮಗನ ಕೆಲ್ಸ ಹೋಗ್ಲಿ ಅಂತ ನಾನು ಬಂದಿಲ್ಲ. ಆದ್ರೆ ಬರೀ ಕೈಯಲ್ಲಿ ವಾಪಸ್ ಹೋಗೋಕೂ ನಂಗೆ ಆಗಲ್ಲ. ಇಲ್ಲೇ ಕೂತಿರ್ತೀನಿ, ಹೊರಗೆ ಹಾಕಿದ್ರೆ ಮೆಟ್ಟಿಲ ಮೇಲೆ ಕೂತಿರ್ತೀನಿ."

ಕೂತೇಬಿಟ್ಟಳು. ಕುರ್ಚಿಯ ಮೇಲಲ್ಲ, ಅಲ್ಲೇ ನೆಲದ ಮೇಲೆ.

ದುರ್ಗಾಂಬ ಅವಳನ್ನು ಎಬ್ಬಿಸಲು ಕೈ ಚಾಚಿದಳು, ಮತ್ತೆ ಹಿಂದಕ್ಕೆ ತೆಗೆದುಕೊಂಡಳು.

"ಉಪ್ಪು ತಂದಿದ್ದ ಆಂಟೀ," ಎಂದ ಸಾಯಿತೇಜ. "ಅಡುಗೆಮನೆಯಿಂದ ಕದ್ದು. ಕಾಲುಚೀಲದಲ್ಲಿ ಕಟ್ಟಿ ಕೊಟ್ಟ."

ಮುಷ್ಟಿಗಳು ತೊಡೆಯಿಂದ ಬಿಟ್ಟವು. ಅವನು ಗೋಡೆಗೆ ಜಾರಿ ಕೂತ.

ಆಮೇಲೆ ಕೇಳಬೇಕಾಗಿಯೇ ಬರಲಿಲ್ಲ. ಶನಿವಾರ ಬೆಳಿಗ್ಗೆ ನಾಲ್ಕಕ್ಕೆ ಸೀಟಿ ಊದಿದರು. ನಲ್ಲಿ ನಾಲ್ಕು, ಮುಖ ನಲವತ್ತು. ಒಬ್ಬರ ಭುಜದ ಮೇಲಿಂದ ಒಬ್ಬರು ಗಡ್ಡ ಹೆರೆದುಕೊಂಡರು. ನಾಲ್ಕೂವರೆಗೆ ಹಾಜರಿ. ಉದಯ್ ತಾನೇ 'ಹಾಜಿರ್' ಎಂದ. ಬಳಿಕ ಗುಡ್ಡದ ನೀರಿನ ಟ್ಯಾಂಕಿನ ತನಕ ಓಟ, ಅಲ್ಲಿಂದ ವಾಪಸ್. ಇಳಿಯುವಾಗ ಸಾಯಿತೇಜನ ಕಾಲು ಕೈಕೊಟ್ಟಿತು. ಉದಯ್ ಅವನ ತೋಳನ್ನು ಹೆಗಲಿಗೆ ಹಾಕಿಕೊಂಡು ಇಳಿಸಿದ. ಗೇಟು ಕಾಣುವಷ್ಟರಲ್ಲಿ ಸಾಯಿತೇಜನ ತಲೆಯ ಮೇಲೆ ಟೋಪಿ ಇರಲಿಲ್ಲ.

"ಟೋಪಿ ಕಳೆದರೆ ಇನ್‌ಸ್ಪೆಕ್ಷನ್ ದಿನ ಪ್ರಾಣ ತೆಗೀತಾರೆ ಮೇಡಂ. ಟ್ಯಾಂಕಿನ ಹತ್ತಿರ ಬಿದ್ದಿರಬೇಕು, ಎರಡು ನಿಮಿಷ ಅಂತ ಓಡಿದ. ನಾನು ಕುಂಟಿಕೊಂಡು ಒಳಗೆ ಬಂದೆ."

"ಬಂದ ಮೇಲೆ ಮತ್ತೆ ಹಾಜರಿ?"

"ಹ್ಞೂಂ. ಐದೂಕಾಲಿಗೆ. ಕೆಂಪಣ್ಣ ಉಸ್ತಾದ್ ಹೆಸರು ಕರೆದರು. ಉದಯ್ ಹೆಸರು ಬಂದಾಗ..." ಅವನು ಅಂಗೈಯಿಂದ ಬಾಯಿ ಒರೆಸಿಕೊಂಡ. "ನಾನೇ ಹಾಜಿರ್ ಅಂದೆ. ಇನ್ನೂ ಕತ್ತಲಿತ್ತು. ಜೋಡಿ ತಡವಾದರೆ ಎಲ್ಲರೂ ಹಂಗೇ ಮಾಡ್ತಾರೆ. ಬಂದುಬಿಡ್ತಾನೆ ಅಂದುಕೊಂಡೆ."

ವಿಜಯಲಕ್ಷ್ಮೀ ಕಣ್ಣು ಮುಚ್ಚಿದಳು.

"ನಾನು ಹಾಜಿರ್ ಅನ್ನದೇ ಇದ್ದಿದ್ದರೆ ಅವಾಗಲೇ ಹುಡುಕ್ತಿದ್ದರು ಆಂಟೀ. ಟ್ಯಾಂಕಿನ ಹತ್ತಿರಾನೇ ಸಿಗ್ತಿದ್ದ."

ಹೊರಗೆ ಬೀದಿಯಲ್ಲಿ ತರಕಾರಿ ಗಾಡಿಯವನ ಮೈಕು ಟೊಮೇಟೊ, ಬೆಂಡೆ ಎಂದು ಕೂಗುತ್ತ ದಾಟಿಹೋಯಿತು.

ಹೇಮಾಕ್ಷಿ ಬಿಳಿ ಹಾಳೆ, ಪೆನ್ನು ಅವನ ಮುಂದಿಟ್ಟಳು. "ಇದನ್ನೆಲ್ಲ ಬರೀ. ಸೋಮವಾರ ವಿಚಾರಣೆ ಕೂರೋ ಮೊದಲು ಇದು ದೊಡ್ಡ ಸಾಹೇಬರ ಮೇಜಿನ ಮೇಲಿರಬೇಕು. ರಾತ್ರಿ ಓಡಿಹೋದ ಅಂತ ಹೇಳು ಅಂತ ನಿನಗೆ ಹೇಳಿಕೊಟ್ಟೋರು ಯಾರು?"

"ಕೆಂಪಣ್ಣ ಉಸ್ತಾದ್. ಅವತ್ತು ಮಧ್ಯಾಹ್ನ ನಾನಿದ್ದ ಆಸ್ಪತ್ರೆಗೆ ಬಂದಿದ್ದರು. ಸುಳ್ಳು ಹಾಜರಿ ಹೇಳಿದ್ದಕ್ಕೆ ನಿನ್ನನ್ನೂ ಮನೆಗೆ ಕಳಿಸ್ತಾರೆ, ರಾತ್ರಿಯೇ ಹೋದ ಅನ್ನು ಅಂದರು. ಹಾಜರಿ ಪುಸ್ತಕ ಅವರ ಕೈಲೇ ಇರೋದು. ತಿದ್ದಿದರು."

ಕೆಂಪಣ್ಣನೇ. ಹೇಮಾಕ್ಷಿಗೆ ಆಶ್ಚರ್ಯವೇನೂ ಆಗಲಿಲ್ಲ. ಬ್ಯಾರಕ್ಕಿನಲ್ಲಿ ಆ ಮಂಡ್ಯದ ಮನುಷ್ಯ ಅವಳ ಕಣ್ಣಿಗೆ ಕಣ್ಣು ಕೊಡದೆ ಮಾತಾಡಿದ ದಿನದಿಂದ ಅವಳ ಅನುಮಾನ ಅವನನ್ನೇ ಸುತ್ತುತ್ತಿತ್ತು.

ಸಾಯಿತೇಜ ಬರೆಯತೊಡಗಿದ. ನಾಲ್ಕು ಸಾಲು ಬರೆದು ಪೆನ್ನು ನಿಲ್ಲಿಸಿದ.

"ಒಂಬತ್ತು ಗಂಟೆ ಹಾಜರಿ ಬರೀಬೇಕಾ ಮೇಡಂ?"

"ಅದ್ಯಾವುದಪ್ಪಾ?"

"ಸಾಹೇಬರು ಒಳಗೆ ಹಾಸಿಗೆ ನೋಡೋವಾಗ ನಾವು ಹೊರಗೆ ಸಾಲಾಗಿ ನಿಂತಿರ್ತೀವಿ. ಅವಾಗ ಇನ್ನೊಂದು ಸಲ ಹೆಸರು ಕರೀತಾರೆ. ಉದಯ್ ಇನ್ನೂ ಬಂದಿರಲಿಲ್ಲ. ಮತ್ತೆ ನಾನೇ ಹೇಳಬೇಕು ಅಂತ ಬಾಯಿ ತೆಗೆದೆ."

"ಹೇಳಿದ್ಯಾ?"

"ಇಲ್ಲ. ನನಗಿಂತ ಮೊದಲು ಯಾರೋ ಹೇಳಿದರು."

ಹೇಮಾಕ್ಷಿಯ ಬೆನ್ನು ನೆಟ್ಟಗಾಯಿತು. "ಯಾವ ಹುಡುಗ?"

"ಹುಡುಗ ಅಲ್ಲ ಮೇಡಂ. ನನ್ನ ಹಿಂದಿನಿಂದ ಬಂತು ದನಿ. ನಾನು ನಿಂತಿದ್ದು ಕೊನೇ ಸಾಲು. ನಮ್ಮ ಹಿಂದೆ ಹುಡುಗರು ಯಾರೂ ನಿಲ್ಲಲ್ಲ. ಸ್ಟಾಫ್ ಮಾತ್ರ ನಿಲ್ತಾರೆ, ಮೂರೋ ನಾಲ್ಕೋ ಜನ."

"ತಿರುಗಿ ನೋಡಲಿಲ್ವೇ?"

ಅವನು ಅವಳನ್ನು ವಿಚಿತ್ರವಾಗಿ ನೋಡಿದ. "ಸಾವಧಾನ್‌ನಲ್ಲಿ ನೆಟ್ಟಗೆ ನಿಂತಾಗ ತಲೆ ತಿರುಗಿಸೋ ಹಾಗಿಲ್ಲ ಮೇಡಂ. ನೊಣ ಕೂತರೂ ಓಡಿಸೋ ಹಾಗಿಲ್ಲ. ಆಮೇಲೆ ಕಾಲು ಮಡಚಿ ಬಿದ್ದೆ, ಎತ್ತಿಕೊಂಡು ಹೋದರು."

ವಿಜಯಲಕ್ಷ್ಮೀ ನೆಲದಿಂದ ಮಾತಾಡಿದಳು. ದನಿ ತೀರ ತಗ್ಗಿತ್ತು. "ಒಂಬತ್ತು ಗಂಟೆಗೇ ಯಾರಿಗೋ ಗೊತ್ತಿತ್ತು. ಅವ್ನು ಬರಲ್ಲ ಅಂತ ಗೊತ್ತಿತ್ತು."

"ಅದು ಬೇಡ, ಬರೀಬೇಡ," ದುರ್ಗಾಂಬ ಹಾಳೆಯ ಮೇಲೆ ಅಂಗೈ ಊರಿದಳು. "ಟೋಪಿ ಬರಿ, ಓಟ ಬರಿ, ನಿನ್ನ ತಪ್ಪು ನೀನು ಬರಿ. ಇದು ಬೇಡ ನಾನ್ನಾ, ನನ್ನ ಕಂದಾ. ಸೋಮವಾರ ನಿನ್ನನ್ನು ಯಾರ ಕೈಗೆ ಕೊಟ್ಟು ಬರಲಿ ನಾನು?"

ಹೇಮಾಕ್ಷಿ ಯೋಚಿಸುತ್ತಿದ್ದಳು. ಈ ಸಾಲಿಲ್ಲದಿದ್ದರೆ ಹೇಳಿಕೆಗೆ ಬೆಲೆಯಿಲ್ಲ. ರಾತ್ರಿ ಓಡಿಹೋದ ಎನ್ನುವ ಬದಲು ಬೆಳಿಗ್ಗೆ ಓಡಿಹೋದ ಎಂದು ತಿದ್ದಿಕೊಳ್ಳುತ್ತಾರೆ, ಅಷ್ಟೇ. ಈ ಸಾಲಿದ್ದರೆ ಹುಡುಗ ತಾನು ಮುಖ ಕಾಣದ ಒಬ್ಬನ ಮೇಲೆ ದೂರು ಕೊಟ್ಟು, ಅವನ ಕಣ್ಣೆದುರಿಗೇ ಮತ್ತೆ ಹೋಗಿ ಮಲಗಬೇಕು. ಹೆಸರು ಬೇಕು. ಹೆಸರಿಲ್ಲದೆ ಯಾರನ್ನೂ ಎದುರಿಸುವ ಹಾಗಿಲ್ಲ.

"ಹೆಸರು ಕರೀತಿದ್ದೋರು ಯಾರು ಅಂದೆ?"

"ಕೆಂಪಣ್ಣ ಉಸ್ತಾದ್."

"ಎಲ್ಲಿ ನಿಂತಿದ್ದರು?"

"ಮುಂದೆ. ನಮ್ಮ ಕಡೆ ಮುಖ ಮಾಡಿಕೊಂಡು."

ನಲವತ್ತು ಜನ ತಲೆ ತಿರುಗಿಸಲಾಗದೆ ನಿಂತ ಮೈದಾನದಲ್ಲಿ, ಕೊನೆಯ ಸಾಲಿನ ಹಿಂದೆ ಯಾರ ಬಾಯಿ ತೆರೆಯಿತು ಎಂದು ನೇರ ನೋಡುತ್ತಿದ್ದವನು ಒಬ್ಬನೇ. ಇಷ್ಟು ದಿನ ಹೇಮಾಕ್ಷಿ ಬೆನ್ನು ಹತ್ತಿದ್ದು ಆ ಒಬ್ಬನನ್ನೇ, ಕಳ್ಳನೆಂದು.

"ಅವರ ನಂಬರ್ ಹಚ್ಚು, ಸಾಯಿತೇಜ. ನಿನ್ನ ಫೋನಿಂದ."

ದುರ್ಗಾಂಬ ತಡೆಯಲಿಲ್ಲ. ಹಾಳೆಯ ಮೇಲಿನ ಕೈಯನ್ನೂ ತೆಗೆಯಲಿಲ್ಲ.

ಐದನೆಯ ರಿಂಗಿಗೆ ಕೆಂಪಣ್ಣ ಎತ್ತಿದ. "ಏನ್ಲಾ, ಕಾಲು ಹೆಂಗೈತೆ?"

ಹೇಮಾಕ್ಷಿ ಸ್ಪೀಕರ್ ಒತ್ತಿದಳು. "ಕೆಂಪಣ್ಣನವರೇ, ನಾನು ಹೇಮಾಕ್ಷಿ. ಉದಯನ ತಾಯಿ ಪಕ್ಕದಾಗ ಇದ್ದಾರ. ಒಂದೇ ಮಾತು ಕೇಳ್ತೀನಿ. ಆ ಶನಿವಾರ ಒಂಬತ್ತು ಗಂಟೆ ಹಾಜರಿಯೊಳಗ, ಕೊನೇ ಸಾಲಿನ ಹಿಂದ ನಿಂತು ಉದಯನ ಹೆಸರಿಗೆ ಹಾಜಿರ್ ಅಂದೋರು ಯಾರು?"

ಆ ಕಡೆ ದೂರದಲ್ಲಿ ಬೂಟುಗಳು ಒಂದೇ ತಾಳದಲ್ಲಿ ನೆಲಕ್ಕೆ ಬೀಳುತ್ತಿದ್ದವು. ಬಾಗಿಲು ಮುಚ್ಚಿದ ಸದ್ದಾಯಿತು. ಬೂಟುಗಳ ಸದ್ದು ಕಡಿಮೆಯಾಯಿತು.

"ಆ ಹೆಸ್ರ ನನ್ ಬಾಯಲ್ಲಿ ಹೊರಡಿಸ್ಬ್ಯಾಡ ಕಣವ್ವ."

"ನಾಡಿದ್ದು ಹುಡುಗನನ್ನ ಭಗೋಡಾ ಅಂತಾರ."

"ಅನ್ಲಿ ಅಂತಾನೆ ನಾನು ಬರ್ದಿದ್ದು. ಓಡೋದ ಅಂದ್ರೆ ಯಾರೂ ಇಲ್ಲಿ ಹುಡುಕಾಕಿಲ್ಲ, ಅದುಕ್ಕೆ. ಬದುಕ್ಲಿ ಅಂತ ಬರ್ದೆ."

ವಿಜಯಲಕ್ಷ್ಮೀ ಮೊಣಕಾಲಿನ ಮೇಲೆ ತೆವಳಿಕೊಂಡೇ ಫೋನಿನ ಹತ್ತಿರ ಬಂದಳು. "ಎಲ್ಲಿದಾನೆ ನನ್ನ ಮಗ? ನಿಮ್ಮ ಕಾಲಿಗೆ ಬೀಳ್ತೀನಿ ಕೆಂಪಣ್ಣನೋರೆ, ಎಲ್ಲಿದಾನೆ?"

ಆ ಕಡೆಯಿಂದ ಚಿಲಕ ಹಾಕಿದ ಸದ್ದು ಬಂತು.

"ಮೊನ್ನೆ ಮಂಗಳವಾರ ಸಂಜೆಗಂಟ ಇದ್ದ ಕಣ್ ತಾಯಿ. ಆ ಹೆಸ್ರಿನೋನ ಕೈಗೆ ಸಿಗ್ದಂಗೆ ನಾನೇ ಬಚ್ಚಿಟ್ಟಿದ್ದೆ. ದಿನಾ ನಾನೇ ಅನ್ನ ತಕಂಡೋಯ್ತಿದ್ದೆ, ಹೊರಗಿಂದ ನಾನೇ ಬೀಗ ಹಾಕ್ಕ ಬತ್ತಿದ್ದೆ. ಬೀಗದ ಕೈ ನನ್ ಸೊಂಟದಲ್ಲೇ ಇರದು. ಬುಧವಾರ ಹೋದೆ. ಬೀಗ ಹಾಕಿದ್ದು ಹಾಕ್ದಂಗೇ ಐತೆ. ತಗ್ದು ನೋಡುದ್ರೆ ಒಳ್ಗೆ ಹುಡ್ಗ ಇಲ್ಲ."